ಏನಂದೆ ಮೇಸ್ತ್ರಿ

ನಮ್ಮ ಬೀದಿಯಲ್ಲಿ ಅವರ ನಿಜವಾದ ಹೆಸರು ಯಾರ ಬಾಯಲ್ಲೂ ಇರಲಿಲ್ಲ. ಮೊಳೆ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದರು. ಯಾರು ಏನು ಹೇಳಿದರೂ ಮೊದಲು "ಏನಂದೆ?" ಎಂದು ಕೇಳಿ, ಬಲಗಿವಿಯನ್ನು ಮುಂದೆ ತಂದು, ಹುಬ್ಬು ಗಂಟಿಕ್ಕಿಕೊಂಡು ನಿಲ್ಲುತ್ತಿದ್ದರು. ಹಾಗಾಗಿ ಏನಂದೆ ಮೇಸ್ತ್ರಿ ಎಂದೇ ಹೆಸರಾಯಿತು. ಹಿಂದಿನಿಂದ ಕೂಗಿದರೆ ಅವರಿಗೆ ಕೇಳಿಸುತ್ತಿರಲಿಲ್ಲ. ಆದ್ದರಿಂದ ತಮಗೆ ಅಂಥದೊಂದು ಹೆಸರಿದೆ ಎಂಬುದೇ ಅವರಿಗೆ ಬಹಳ ಕಾಲ ಗೊತ್ತಿರಲಿಲ್ಲ.

ಅವರ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದರು. ಬೀದಿಯವರಿಗೆಲ್ಲ ಅವರು ಹೊಲಿಗೆ ಅಕ್ಕ. ನಾನು ಇಲ್ಲಿ ಹೇಳುವುದರಲ್ಲಿ ಹೆಚ್ಚಿನ ಪಾಲು, ಬಟ್ಟೆ ತೆಗೆದುಕೊಳ್ಳಲು ಹೋದಾಗಲೆಲ್ಲ ಅಕ್ಕ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೇಳಿದ್ದು. ಉಳಿದದ್ದು ಮೇಸ್ತ್ರಿ ಹೇಳಿದ್ದು. ಅದನ್ನು ಅಕ್ಕಪಕ್ಕದ ಮನೆಯವರೂ ಕೇಳಿಸಿಕೊಂಡಿರಬೇಕು.

ಮೊಳೆ ಮಾಡುವ ಯಂತ್ರ ನೋಡಲು ದೊಡ್ಡದೇನಲ್ಲ, ಊಟದ ಮೇಜಿನಷ್ಟಿರುತ್ತದೆ. ಒಂದು ಕಡೆಯಿಂದ ತಂತಿ ಒಳಗೆ ಹೋಗುತ್ತದೆ. ಯಂತ್ರ ಅದನ್ನು ಗಟ್ಟಿಯಾಗಿ ಹಿಡಿದು, ಒಂದು ತುದಿಗೆ ಗುದ್ದಿ ತಲೆ ಮಾಡಿ, ಇನ್ನೊಂದು ತುದಿಯನ್ನು ಕತ್ತರಿಸಿ ಮೊನೆ ಮಾಡಿ, ಕೆಳಗಿನ ತಟ್ಟೆಗೆ ಉಗುಳುತ್ತದೆ. ಒಂದೊಂದು ಮೊಳೆಗೂ ಒಂದೊಂದು ಗುದ್ದು. ಅಂಥ ಯಂತ್ರಗಳು ತಗಡಿನ ಮಾಡಿನ ಕೆಳಗೆ ಎರಡು ಸಾಲಾಗಿ ನಿಂತು ಬೆಳಗಿನಿಂದ ಸಂಜೆವರೆಗೆ ಗುದ್ದುತ್ತಲೇ ಇರುತ್ತಿದ್ದವು. ಮೊದಲ ಸಲ ಒಳಗೆ ಕಾಲಿಟ್ಟವರ ಎರಡೂ ಕೈ ತಾವಾಗಿ ಕಿವಿಗೆ ಹೋಗುತ್ತಿದ್ದವು. ಕೈಗೆ ಬೇರೆ ಕೆಲಸ ಇದ್ದುದರಿಂದ ಸ್ವಲ್ಪ ಹೊತ್ತಿಗೆ ಇಳಿಸಬೇಕಾಗುತ್ತಿತ್ತು.

ಅಲ್ಲಿ ಬಾಯಿಂದ ಮಾತಾಡುವುದು ಗಂಟಲಿಗೆ ದಂಡ. ಹಾಗಾಗಿ ಕೈಯಲ್ಲೇ ಒಂದು ಭಾಷೆ ಬೆಳೆದಿತ್ತು. ಮುಷ್ಟಿಯನ್ನು ಅಂಗೈಗೆ ತಿಕ್ಕಿದರೆ ಅಚ್ಚು ಸವೆದಿದೆ ಎಂದು. ಅಂಗೈ ಕೆಳಗೆ ಮಾಡಿ ಒತ್ತಿದರೆ ಯಂತ್ರ ನಿಲ್ಲಿಸು. ಹೆಬ್ಬೆರಳು ಬಾಯಿಗೆ ಬಂದರೆ ಚಹಾ. ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡರೆ ಯಜಮಾನರು ಬರುತ್ತಿದ್ದಾರೆ. ಈ ಭಾಷೆಯಲ್ಲಿ ಮೇಸ್ತ್ರಿ ಮಹಾ ಮಾತುಗಾರ. ಬಸ್ಸಿನಲ್ಲಿ ಇಬ್ಬರು ದಪ್ಪ ಮನುಷ್ಯರು ಒಂದೇ ಸೀಟಿಗೆ ಜಗಳಾಡಿದ ಕಥೆಯನ್ನು ಅವರು ತಂತಿ ಸುರುಳಿಯ ಪಕ್ಕ ನಿಂತು, ಕೈ, ಹುಬ್ಬು, ಸೊಂಟ ಎಲ್ಲ ಬಳಸಿ ಹೇಳಿದರೆ ಸಾಲಿನ ಆ ಕೊನೆಯಲ್ಲಿದ್ದವನೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನಗುವಿನ ಸದ್ದು ಮಾತ್ರ ಯಾರಿಗೂ ಕೇಳಿಸುತ್ತಿರಲಿಲ್ಲ.

ಮೀಸೆ ಚಿಗುರುವ ವಯಸ್ಸಿನಲ್ಲಿ ತಂತಿ ಹೊರಲು ಸೇರಿ, ಯಂತ್ರ ನಡೆಸುವುದು ಕಲಿತು, ಆಮೇಲೆ ಹೊಸಬರಿಗೆ ಕಲಿಸುವ ಮೇಸ್ತ್ರಿಯಾದವರು ಅವರು. ಮೊದಮೊದಲು ಸಂಜೆ ಮನೆಗೆ ಬಂದಮೇಲೂ ಕಿವಿಯೊಳಗೆ ಗುಂಯ್ ಎನ್ನುತ್ತಿತ್ತಂತೆ. ಬೆಳಗಾದರೆ ಹೋಗುತ್ತಿತ್ತು. ಕೆಲವು ವರ್ಷಗಳ ಮೇಲೆ ಬೆಳಗಾದರೂ ಹೋಗದೆ ಅಲ್ಲೇ ಉಳಿಯಿತು. ಅದೂ ಅಭ್ಯಾಸವಾಯಿತು. ತೆಳ್ಳನೆಯ ಸದ್ದುಗಳು ಮೊದಲು ಮರೆಯಾದವು. ಹಕ್ಕಿ, ಕುಕ್ಕರಿನ ಸಿಳ್ಳೆ, ಬಾಗಿಲ ಗಂಟೆ ಒಂದೊಂದಾಗಿ ಹೋದವು. ಲಾರಿಯ ಸದ್ದು ಚೆನ್ನಾಗಿಯೇ ಕೇಳಿಸುತ್ತಿದ್ದರಿಂದ ತಮ್ಮ ಕಿವಿಗೇನೂ ಆಗಿಲ್ಲ ಎಂಬುದು ಅವರ ವಾದ.

"ಈಗಿನವರು ಬಾಯೊಳಗೇ ಮಾತಾಡ್ತಾರೆ," ಎನ್ನುತ್ತಿದ್ದರು.

"ನಾನೂ ಈಗಿನವಳೇನ್ರೀ?" ಎಂದು ಅಕ್ಕ ಕೇಳಿದರೆ ಅದೂ ಕೇಳಿಸುತ್ತಿರಲಿಲ್ಲ.

ಅವರ ಮಗಳು ಮದುವೆಯಾಗಿ ಬೇರೆ ಊರಿನಲ್ಲಿದ್ದಳು. ಅವಳ ಪುಟ್ಟ ಮಗು ಫೋನಿನಲ್ಲಿ "ತಾತ" ಎಂದು ಶುರುಮಾಡಿದರೆ ಮೇಸ್ತ್ರಿ "ಚೆನ್ನಾಗಿದೀನಿ ಕಂದ, ಊಟ ಆಯ್ತು, ಅಜ್ಜಿಗೆ ಕೊಡ್ತೀನಿ" ಎಂದು ಒಂದೇ ಉಸಿರಿಗೆ ಹೇಳಿ ಫೋನನ್ನು ಹೆಂಡತಿಯ ಕೈಗೆ ದಾಟಿಸುತ್ತಿದ್ದರು. ಮಗು ಏನು ಕೇಳಿದ್ದರೂ ಅದೇ ಉತ್ತರ.

ಹಳೆಯ ಯಜಮಾನರು ಒಮ್ಮೆ ಕಿವಿಗೆ ತುರುಕಿಕೊಳ್ಳುವ ಹಳದಿ ಬಿರಡೆಗಳನ್ನು ತರಿಸಿ ಹಂಚಿದ್ದರು. ಸೆಖೆಗೆ ಕಿವಿ ಬೆವರುತ್ತದೆ ಎಂದು ಒಬ್ಬ, ಯಂತ್ರ ಕೆಟ್ಟರೆ ಗೊತ್ತಾಗುವುದಿಲ್ಲ ಎಂದು ಇನ್ನೊಬ್ಬ, ಅಂತೂ ಯಾರೂ ಹಾಕಿಕೊಳ್ಳಲಿಲ್ಲ. ಯಾರೋ ಅವನ್ನು ಒತ್ತಿ ಒತ್ತಿ ಅಲುಗಾಡುವ ಬೆಂಚಿನ ಕಾಲಿನಡಿ ಇಟ್ಟರು. "ಕಿವಿ ಮುಚ್ಕೊಂಡು ಕೆಲಸ ಮಾಡೋನು ಮನೇಲೇ ಮುಸುಕು ಹಾಕ್ಕೊಂಡು ಮಲಗಲಿ" ಎಂದು ನಗೆಯಾಡಿದವರು ಮೇಸ್ತ್ರಿಯೇ. ಕಲಿಸುವವರೇ ಹಾಗೆಂದಮೇಲೆ ಕಲಿಯುವವರು ಇನ್ನೇನು ಮಾಡಿಯಾರು.

ಕಾರ್ಖಾನೆಗೆ ಬರುವವರಿಗೇನೂ ಕೊರತೆ ಇರಲಿಲ್ಲ, ನಿಲ್ಲುವವರು ಇರಲಿಲ್ಲ. ಗೇಟಿಗೆ ತಗಲಿಸಿದ್ದ "ಕೆಲಸಗಾರರು ಬೇಕಾಗಿದ್ದಾರೆ" ಎಂಬ ಬೋರ್ಡನ್ನು ಯಾರೂ ತೆಗೆಯುತ್ತಲೇ ಇರಲಿಲ್ಲ. ಅದರ ಮೊಳೆ ತುಕ್ಕು ಹಿಡಿದು ಅಕ್ಷರಗಳ ಮೇಲೆ ಕಂದು ಬಣ್ಣ ಇಳಿದಿತ್ತು. ಮೊಳೆ ಕಾರ್ಖಾನೆಯವರಿಗೇ ಒಂದು ಒಳ್ಳೆಯ ಮೊಳೆ ಸಿಗಲಿಲ್ಲವೇ ಎಂದು ದಾರಿಹೋಕರು ಆಡಿಕೊಳ್ಳುತ್ತಿದ್ದರು. ಮೇಸ್ತ್ರಿ ಒಬ್ಬನನ್ನು ಕೂರಿಸಿಕೊಂಡು ತಂತಿ ಪೋಣಿಸುವುದು, ಅಚ್ಚು ಬದಲಾಯಿಸುವುದು, ಬೆರಳು ಎಲ್ಲಿಡಬೇಕು, ಎಲ್ಲಿಡಬಾರದು ಎಂಬುದನ್ನೆಲ್ಲ ಕಲಿಸಿ ಮುಗಿಸುವಷ್ಟರಲ್ಲಿ ಆತ ಗಂಟುಮೂಟೆ ಕಟ್ಟುತ್ತಿದ್ದ. ಬೇರೊಬ್ಬನಿಗೆ ಮತ್ತೆ ಮೊದಲಿನಿಂದ. ಕೈ ಪಳಗದವರ ಕೈಗೆ ಯಂತ್ರ ಸಿಕ್ಕಿ ತಲೆಯಿಲ್ಲದ ಮೊಳೆಗಳು ರಾಶಿ ಬೀಳುತ್ತಿದ್ದವು.

ಮಂಡಿನೋವು ಹೆಚ್ಚಾಗಿ ಹಳೆಯ ಯಜಮಾನರು ಮನೆ ಹಿಡಿದಮೇಲೆ ಅವರ ಮಗಳು ಕಾರ್ಖಾನೆ ನೋಡಿಕೊಳ್ಳತೊಡಗಿದರು. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ಚುರುಕಿನ ಹೆಂಗಸು. ಜನ ನಿಲ್ಲುವುದಿಲ್ಲ ಎಂಬುದೇ ದೊಡ್ಡ ತಲೆನೋವು ಎಂದು ಅವರಿಗೆ ಬೇಗ ಗೊತ್ತಾಯಿತು. ಸಂಬಳ ಏರಿಸಿದರು. ಫ್ಯಾನು ಹಾಕಿಸಿದರು. ತಣ್ಣೀರಿನ ಯಂತ್ರ ತಂದಿಟ್ಟರು. ಗೋಡೆಗೆ ತಿಳಿಹಸಿರು ಬಣ್ಣ ಬಳಿಸಿದರು. ಜನ ಬಂದರು, ತಣ್ಣೀರು ಕುಡಿದರು, ಹೊರಟುಹೋದರು. ಏಕೆ ಬಿಡುತ್ತೀರಿ ಎಂದರೆ ಎಲ್ಲರದೂ ಒಂದೇ ಮಾತು: "ಮನೇಲಿ ಸ್ವಲ್ಪ ತೊಂದರೆ ಮೇಡಂ." ಇಷ್ಟೊಂದು ಮನೆಗಳಲ್ಲಿ ಒಟ್ಟೊಟ್ಟಿಗೆ ಏನು ತೊಂದರೆ ಬಂದೀತು ಎಂದು ಅವರಿಗೆ ಅರ್ಥವಾಗಲಿಲ್ಲ.

ಕೊನೆಗೆ ಒಂದು ಮಧ್ಯಾಹ್ನ ಮೇಸ್ತ್ರಿಯನ್ನು ತಮ್ಮ ಕೋಣೆಗೆ ಕರೆಸಿದರು. ಕೋಣೆಯ ಗಾಜಿನ ಕಿಟಕಿ ಯಂತ್ರಗಳ ಕಡೆಗೇ ಇತ್ತು, ಬಾಗಿಲು ಹಾಕಿದರೂ ಸದ್ದು ಒಳಗೆ ಬರುತ್ತಿತ್ತು. ಮೇಡಂ ಮೇಜಿನ ಮೇಲಿನ ಕಾಗದ ನೋಡುತ್ತಲೇ ಹೇಳಿದರು:

"ಮೇಸ್ತ್ರಿ, ನಮ್ಮಲ್ಲಿ ಕೆಲಸ ಬಿಟ್ಟವರ ಮನೆಗೆ ನೀವೊಂದ್ಸಲ ಹೋಗಿ ಬನ್ನಿ. ನೀವೇ ಕೆಲಸ ಕಲಿಸಿದವರು, ನಿಮ್ಮ ಹತ್ರ ಸುಳ್ಳು ಹೇಳಲ್ಲ. ಇಲ್ಲಿ ನಿಮ್ಮ ಕೆಲಸ ಅಲ್ಲೀವರೆಗೆ ಬೇರೆಯವರು ನೋಡ್ಕೋತಾರೆ."

ಮೇಸ್ತ್ರಿ ಎಂದಿನಂತೆ ತಲೆಯಾಡಿಸಿ "ಆಗ್ಲಿ ಮೇಡಂ" ಎಂದರು. ಅವರ ಕಿವಿಗೆ ಬಿದ್ದದ್ದು ಇಷ್ಟು: ಮೇಸ್ತ್ರಿ, ಕೆಲಸ, ಬಿಟ್ಟು, ಮನೆಗೆ ಹೋಗಿ, ನಿಮ್ಮ ಕೆಲಸ ಬೇರೆಯವರು ನೋಡ್ಕೋತಾರೆ.

ಅವರು ಊಟದ ಡಬ್ಬಿ ಎತ್ತಿಕೊಂಡು, ಯಾರಿಗೂ ಏನೂ ಹೇಳದೆ, ಬಿಸಿಲಲ್ಲಿ ನಡೆದೇ ಮನೆಗೆ ಬಂದರು. ಅಕ್ಕ ಒಂದು ಕುಪ್ಪಸದ ತೋಳು ಕೂಡಿಸುತ್ತಿದ್ದರು. ಆ ಹೊತ್ತಿನಲ್ಲಿ ಗಂಡ ಮನೆಗೆ ಬಂದದ್ದೇ ಇಲ್ಲ.

"ಏನಾಯ್ತು? ಹುಷಾರಿಲ್ವಾ?"

"ಕೆಲಸದಿಂದ ತೆಗೆದ್ರು."

"ಯಾಕೆ?"

"ಕಾರಣ ಹೇಳ್ಲಿಲ್ಲ. ಬಿಟ್ಟು ಮನೆಗೆ ಹೋಗಿ ಅಂದ್ರು."

ಅಕ್ಕ ಯಂತ್ರದ ಪೆಡಲಿನಿಂದ ಕಾಲು ತೆಗೆದರು. ಕಾರಣ ಕೇಳದೆ ಬಂದಿರಾ ಎಂದು ರೇಗಿದರು. ಮೇಸ್ತ್ರಿ ಗೋಡೆಗೆ ಒರಗಿ ಕುಳಿತುಬಿಟ್ಟರು. ಆ ದಿನ ಅವರು ಚಹಾವನ್ನೂ ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕ ಒಳ್ಳೆಯ ಸೀರೆ ಉಟ್ಟು, ಬೇಡ ಬೇಡ ಎನ್ನುತ್ತಿದ್ದ ಗಂಡನನ್ನು ಎಬ್ಬಿಸಿಕೊಂಡು ಕಾರ್ಖಾನೆಗೆ ಹೋದರು. ಇಷ್ಟು ವರ್ಷ ಅನ್ನ ಕೊಟ್ಟ ಜಾಗದ ಒಳಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಕೋಣೆಯವರೆಗೆ ಹೋಗುವಷ್ಟರಲ್ಲಿ ತಲೆ ಚಿಟ್ಟು ಹಿಡಿಯಿತು ಎಂದು ನನ್ನ ಹತ್ತಿರ ಹೇಳಿದ್ದರು. ಮದುವೆಯಾದಾಗಿನಿಂದ ಈ ಮನುಷ್ಯ ಏಕೆ ಕಿರುಚುತ್ತಾನೆ ಎಂದು ಅಂದುಕೊಳ್ಳುತ್ತಿದ್ದವರಿಗೆ ಆ ಅಂಗಳ ದಾಟುವಾಗಲೇ ಉತ್ತರ ಸಿಕ್ಕಿತಂತೆ.

ಮೇಡಂ ಎಲ್ಲವನ್ನೂ ಕೇಳಿ ಗಾಬರಿಯಾದರು. "ನಾನು ತೆಗೆದಿಲ್ಲಮ್ಮ. ಬಿಟ್ಟುಹೋದವರನ್ನ ಮಾತಾಡಿಸಿ ಬನ್ನಿ ಅಂದೆ. ಆಗ್ಲಿ ಅಂದ್ರಲ್ಲ ಇವರು."

"ಇವರು ಎಲ್ಲದಕ್ಕೂ ಆಗ್ಲಿ ಅಂತಾರೆ ಮೇಡಂ. ನೀವು ಹೇಳಿದ್ರಲ್ಲಿ ಅರ್ಧ ಕೇಳಿಸಿದೆ, ಇನ್ನರ್ಧ ಇವರೇ ಹೊಂದಿಸ್ಕೊಂಡಿದಾರೆ."

ಮೇಸ್ತ್ರಿಯ ಮುಖ ಕೆಂಪಾಯಿತು. ಕೆಲಸ ಉಳಿದ ಸಮಾಧಾನಕ್ಕಿಂತ, ಕಿವಿ ಕೇಳಿಸುವುದಿಲ್ಲ ಎಂದು ಹೆಂಡತಿ ಯಜಮಾನತಿಯ ಮುಂದೆ ಹೇಳಿದ ಅವಮಾನವೇ ದೊಡ್ಡದಾಗಿ ಕಂಡಿತು. ಮೇಡಂ ಇಬ್ಬರನ್ನೂ ನೋಡಿ, ಹಾಗಾದರೆ ಇಬ್ಬರೂ ಹೋಗಿ ಬನ್ನಿ ಎಂದರು. ಅವರು ಮಾತಾಡಿಸಲಿ, ನೀವು ಕೇಳಿಸಿಕೊಳ್ಳಿ ಎಂದು ಅಕ್ಕನಿಗೆ ಹೇಳಿದರು.

ಹೀಗೆ ಗಂಡಹೆಂಡತಿ ಬಿಟ್ಟುಹೋದವರ ಮನೆಗಳಿಗೆ ಹೊರಟರು. ಅಕ್ಕ ಸಂಜೆಯ ಹೊಲಿಗೆಯನ್ನು ಬೆಳಿಗ್ಗೆಗೆ ತಳ್ಳಿದರು.

ಮೊದಲು ಸಿಕ್ಕವನು ಬಸ್ ಡಿಪೋದಲ್ಲಿ ಬಸ್ಸು ತೊಳೆಯುತ್ತಿದ್ದ. ಮೊಳೆ ಕಾರ್ಖಾನೆಯಷ್ಟು ಸಂಬಳ ಅಲ್ಲಿರಲಿಲ್ಲ. ಪೈಪು ಕೆಳಗಿಟ್ಟು, ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಮೇಸ್ತ್ರಿಗೆ ನಮಸ್ಕಾರ ಮಾಡಿದ. ಯಾಕೆ ಬಿಟ್ಟೆ ಎಂದಾಗ ತಗ್ಗಿದ ದನಿಯಲ್ಲಿ ಹೇಳಿದ: "ಮಲಗಿದ್ರೆ ಕಿವಿಯೊಳಗೆ ಒಂದೇ ಸಮ ಸಿಳ್ಳೆ ಮೇಸ್ತ್ರಿ. ಮೂರು ಡಾಕ್ಟರ ಹತ್ರ ಹೋದೆ. ಆ ಜಾಗ ಬಿಡಪ್ಪ ಅಂದ್ರು."

"ಹೌದೌದು, ಒಳ್ಳೇದಾಯ್ತು ಬಿಡು," ಎಂದರು ಮೇಸ್ತ್ರಿ, ಆತನ ಬೆನ್ನು ತಟ್ಟುತ್ತ.

ಆತ ಕಕ್ಕಾಬಿಕ್ಕಿಯಾದ. ಅಕ್ಕ ಗಂಡನ ಬಲಗಿವಿಗೆ ಬಾಯಿಟ್ಟು ಆ ಮಾತನ್ನು ಮತ್ತೆ ಹೇಳಬೇಕಾಯಿತು. ಡಿಪೋದವರೆಲ್ಲ ತಿರುಗಿ ನೋಡಿದರು. ಸಿಳ್ಳೆಯ ಗುಟ್ಟು ಡ್ರೈವರುಗಳಿಗೂ ಕಂಡಕ್ಟರುಗಳಿಗೂ ಗೊತ್ತಾಯಿತು.

ಮುಂದಿನದು ಮೊಳೆಗಳನ್ನು ತೂಗಿ ಡಬ್ಬಕ್ಕೆ ತುಂಬುತ್ತಿದ್ದ ಹುಡುಗಿಯ ಮನೆ. ಇಪ್ಪತ್ತು ದಾಟಿದ ಗಟ್ಟಿಗಿತ್ತಿ, ಮೇಸ್ತ್ರಿಯ ಸನ್ನೆಗೆ ಸನ್ನೆಯಲ್ಲೇ ತಿರುಗೇಟು ಕೊಡುತ್ತಿದ್ದವಳು. ಅವಳಿಗಿಂತ ಮೊದಲು ಅವಳ ತಾಯಿಯೇ ಬಾಯಿಬಿಟ್ಟರು. "ಇವಳು ಮನೇಲೂ ಕೂಗಿ ಕೂಗಿ ಮಾತಾಡೋಕೆ ಶುರುಮಾಡಿದ್ಲು. ಗಂಡಿನ ಕಡೆಯವರು ನೋಡೋಕೆ ಬಂದಾಗ, ಹುಡುಗಿ ಜಗಳಗಂಟಿ ಥರ ಇದಾಳೆ ಅಂದ್ಕೊಂಡು ಎದ್ದುಹೋದ್ರು. ಅವತ್ತೇ ಬಿಡಿಸಿದೆ." ಹುಡುಗಿ ಮೇಸ್ತ್ರಿಯ ಕಡೆ ನೋಡಿ, ಆ ಗಂಡಿನ ಮೂಗು ಎಷ್ಟು ಉದ್ದ ಇತ್ತು ಎಂದು ಕೈಯಲ್ಲಿ ತೋರಿಸಿದಳು. ಮೇಸ್ತ್ರಿ ಬಿದ್ದು ಬಿದ್ದು ನಕ್ಕರು. ತಾಯಿಗೆ ನಗುವ ಕಾರಣ ತಿಳಿಯಲಿಲ್ಲ.

ಇನ್ನೂ ಕೆಲವು ಮನೆಗಳಾದವು. ಒಬ್ಬನ ಹೆಂಡತಿ, ಮಗು ಅತ್ತರೂ ಇವರಿಗೆ ಎಚ್ಚರವಾಗುವುದಿಲ್ಲ ಎಂದಳು. ಇನ್ನೊಬ್ಬ, ರಸ್ತೆ ದಾಟುವಾಗ ಸ್ಕೂಟರಿನ ಹಾರ್ನು ಕೇಳಿಸದೆ ಬಿದ್ದವನು, ಮೊಣಕೈಯ ಗಾಯದ ಗುರುತು ತೋರಿಸಿದ. ಎಲ್ಲ ಮನೆಗಳಲ್ಲೂ ತೊಂದರೆ ಇದ್ದದ್ದು ನಿಜವೇ ಆಗಿತ್ತು. ಯಾರೂ ಮೇಡಂಗೆ ಸುಳ್ಳು ಹೇಳಿರಲಿಲ್ಲ.

ಕೊನೆಗೆ ಉಳಿದವನು ಉದ್ದ. ಎತ್ತರದ ಆಳು, ಹಾಗಾಗಿ ಆ ಹೆಸರು. ಮೇಸ್ತ್ರಿ ಕಲಿಸಿದವರಲ್ಲಿ ಇವನಷ್ಟು ವರ್ಷ ನಿಂತವನೂ ಇರಲಿಲ್ಲ, ಇವನಷ್ಟು ಕೈ ಕುದುರಿದವನೂ ಇರಲಿಲ್ಲ. ತಮ್ಮ ನಂತರ ಇವನೇ ಮೇಸ್ತ್ರಿ ಎಂದು ಅವರು ಎಲ್ಲರ ಮುಂದೆ ಹೇಳಿಕೊಂಡು ಬಂದಿದ್ದರು. ಅಂಥವನು ಒಂದು ದಿನ, ಮನೆಯಲ್ಲಿ ತೊಂದರೆ ಎಂದು ಹೇಳಿ ಹೋಗಿದ್ದ. ಆ ನೋವು ಮೇಸ್ತ್ರಿಯಲ್ಲಿ ಇನ್ನೂ ಆರಿರಲಿಲ್ಲ. ಅವನು ಈಗ ಒಂದು ಶಾಲೆಯಲ್ಲಿ ತೋಟದ ಕೆಲಸಕ್ಕಿದ್ದ.

ಶಾಲೆ ಬಿಟ್ಟು ಮಕ್ಕಳು ಹೋಗಿ ಅಂಗಳ ಖಾಲಿಯಾಗಿತ್ತು. ಕುಂಡಗಳಿಗೆ ನೀರು ಹಾಕುತ್ತಿದ್ದ ಉದ್ದ ಇವರನ್ನು ಕಂಡು ನಲ್ಲಿ ನಿಲ್ಲಿಸಿದ. ಒಂದು ಬೆಂಚನ್ನು ಒರೆಸಿ ಇಬ್ಬರನ್ನೂ ಕೂರಿಸಿದ. ಮೇಸ್ತ್ರಿ ನೇರವಾಗಿ ಕೇಳಿದರು: "ನಾನೇನು ಕಡಿಮೆ ಮಾಡಿದ್ದೆ ನಿಂಗೆ?"

ಉದ್ದ ಅವರಿಗೆ ಉತ್ತರ ಕೊಡದೆ ಅಕ್ಕನ ಕಡೆ ತಿರುಗಿ, ದನಿ ತಗ್ಗಿಸಿ ಹೇಳಿದ: "ಅಕ್ಕ, ಇವರಿಗೆ ಹೇಳಬೇಡಿ. ನಾನು ಇವರನ್ನ ನೋಡೇ ಬಿಟ್ಟಿದ್ದು. ಒಂದಿನ ಚಹಾ ಕುಡಿಯುವಾಗ ಹಿಂದಿನಿಂದ ಹುಡುಗರು ಇವರ ಅಡ್ಡಹೆಸರು ಹಿಡಿದು ಕೂಗ್ತಿದ್ರು. ಇವರು ಏನೂ ಗೊತ್ತಿಲ್ಲದ ಹಾಗೆ ನಗ್ತಾ ಕೂತಿದ್ರು. ಇನ್ನು ಸ್ವಲ್ಪ ವರ್ಷಕ್ಕೆ ನಾನೂ ಅಲ್ಲೇ ಕೂತಿರ್ತೀನಿ ಅನ್ಸಿತು."

"ಏನಂತೆ?" ಎಂದರು ಮೇಸ್ತ್ರಿ.

ಆವರೆಗೆ ಒಂದು ಮಾತೂ ಬಿಡದೆ ತಲುಪಿಸಿದ್ದ ಅಕ್ಕ ಆಗ ತಡವರಿಸಿದರು. "ಶಾಲೆ ಮನೆಗೆ ಹತ್ರ ಅಂತೆ," ಎಂದರು.

ಮೇಸ್ತ್ರಿ ಹೆಂಡತಿಯ ಮುಖ ನೋಡಿದರು, ಆಮೇಲೆ ಉದ್ದನ ಮುಖ. ಗದ್ದಲದಲ್ಲಿ ಮುಖ ಓದಿ ಬದುಕಿದ ಮನುಷ್ಯ. ಉದ್ದನಿಗೆ ಅವರ ಎದುರು ಸುಳ್ಳನ್ನು ಉಳಿಸಿ ಕೂರಲು ಆಗಲಿಲ್ಲ. ಅವನು ಕೈ ಎತ್ತಿದ. ಮೊದಲು ಮೇಸ್ತ್ರಿಯನ್ನು ತೋರಿಸಿದ. ಆಮೇಲೆ ತನ್ನ ಕಿವಿ ಮುಟ್ಟಿಕೊಂಡ. ಆಮೇಲೆ ಅಂಗೈಯನ್ನು ಕೆಳಗೆ ಮಾಡಿ ಮೆಲ್ಲಗೆ ಒತ್ತಿದ. ಯಂತ್ರ ನಿಲ್ಲಿಸು.

ಕಾರ್ಖಾನೆಯ ಭಾಷೆ ಬಾರದ ಅಕ್ಕನಿಗೂ ಅದು ಅರ್ಥವಾಯಿತು.

ಎದ್ದು ಹೊರಡುವ ಮುಂಚೆ ಮೇಸ್ತ್ರಿ ಉದ್ದನ ಹೆಗಲ ಮೇಲೆ ಕೈಯಿಟ್ಟು, ಗಿಡಗಳನ್ನು ತೋರಿಸಿ, ಚೆನ್ನಾಗಿವೆ ಎಂದು ತಲೆದೂಗಿದರು. ಮನೆ ಹತ್ತಿರ ಬಂದಾಗ, "ಅಡ್ಡಹೆಸರು ಏನು?" ಎಂದು ಕೇಳಿದರು. ಉದ್ದನ ತುಟಿಯಿಂದ ಅಷ್ಟನ್ನು ಅವರು ಹಿಡಿದಿದ್ದರು. ಅಕ್ಕ ಹೇಳಿದರು. "ಪರವಾಗಿಲ್ಲ, ಹೊಂದುತ್ತೆ," ಎಂದು ಚಪ್ಪಲಿ ಬಿಟ್ಟು ಒಳಗೆ ಹೋದರು.

ಮೇಡಂಗೆ ವರದಿ ಒಪ್ಪಿಸಿದ್ದು ಮೇಸ್ತ್ರಿಯೇ. ಅಕ್ಕ ಪಕ್ಕದಲ್ಲಿ ನಿಂತಿದ್ದರು. ಸಿಳ್ಳೆ, ಕೂಗು, ಮಗುವಿನ ಅಳು, ಸ್ಕೂಟರು ಎಲ್ಲ ಹೇಳಿ ಕೊನೆಗೆ, "ಉಳಿದವರು ನನ್ನ ನೋಡಿ ಹೆದರಿ ಹೋಗ್ತಿದಾರೆ ಮೇಡಂ" ಎಂದರು. ಕಾರ್ಖಾನೆಗೆಲ್ಲ ಕೇಳಿಸುವಷ್ಟು ದೊಡ್ಡ ದನಿಯಲ್ಲಿ ಹೇಳಿದರೂ ಯಂತ್ರಗಳ ಸದ್ದಿನಲ್ಲಿ ಆ ಮಾತು ಹೊರಗೆ ಹೋಗಲಿಲ್ಲ.

ಮೇಡಂ ಮೊದಲು ಒಪ್ಪಲಿಲ್ಲ. ಬಿರಡೆ ತಂದುಕೊಟ್ಟಾಗ ನೀವೇ ಹಾಕಿಕೊಳ್ಳಲಿಲ್ಲವಲ್ಲ ಎಂದರು. ಮೇಸ್ತ್ರಿ ಹೌದೆಂದರು. ಮೊಳೆ ಕಾರ್ಖಾನೆಯಲ್ಲಿ ಸದ್ದು ಇಲ್ಲದೆ ಇರುತ್ತದೆಯೇ, ನಮ್ಮಪ್ಪ ಇದೇ ಕೋಣೆಯಲ್ಲಿ ಜೀವನವೆಲ್ಲ ಕೂತಿರಲಿಲ್ಲವೇ ಎಂದು ಮೇಡಂ ಕೇಳಿದರು. ಹಾಗೆಂದವರು ಮಾತನ್ನು ಅಲ್ಲಿಗೇ ನಿಲ್ಲಿಸಿದರು. ಅವರ ತಂದೆ ಮನೆಯಲ್ಲಿ ಟೀವಿಯನ್ನು ಬೀದಿಗೆಲ್ಲ ಕೇಳಿಸುವಂತೆ ಇಡುತ್ತಾರೆ, ಅದಕ್ಕಾಗಿ ದಿನವೂ ಜಗಳ ಎಂಬುದು ಕಾರ್ಖಾನೆಯವರಿಗೆಲ್ಲ ಗೊತ್ತಿದ್ದ ವಿಷಯ. ವಯಸ್ಸಾಯಿತು, ಸಿಡುಕು ಹೆಚ್ಚಾಗಿದೆ ಎಂದೇ ಮೇಡಂ ಅಂದುಕೊಂಡಿದ್ದರು. ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತುಕೊಂಡರು. ಇವರಿಬ್ಬರೂ ಮೆಲ್ಲಗೆ ಹೊರಗೆ ಬಂದರು.

ಆಮೇಲಿನದೆಲ್ಲ ಒಂದೇ ಸಲಕ್ಕೆ ಆಗಲಿಲ್ಲ. ಸದ್ದು ಅಳೆಯುವವರು ಬಂದು ಸಾಲುಗಳ ನಡುವೆ ಓಡಾಡಿ ಹೋದರು. ಯಂತ್ರಗಳ ಕಾಲಿನಡಿ ದಪ್ಪ ರಬ್ಬರು ಬಂತು. ಪ್ರತಿ ಯಂತ್ರದ ಮೇಲೂ ಒಳಗೆ ಮೆತ್ತೆ ಹೊದಿಸಿದ ಪೆಟ್ಟಿಗೆ ಮುಚ್ಚಿದರು. ಮೊದಲು ಮಾಡಿಸಿದ ಪೆಟ್ಟಿಗೆಗಳಿಗೆ ಕೆಲಸಗಾರರೇ ಶಾಪ ಹಾಕಿದರು. ತಂತಿ ಸಿಕ್ಕಿಕೊಂಡಾಗಲೆಲ್ಲ ಇಬ್ಬರು ಸೇರಿ ಎತ್ತಿ ಕೆಳಗಿಡಬೇಕಾಗಿತ್ತು, ಎತ್ತಿದವರು ಮತ್ತೆ ಮುಚ್ಚುತ್ತಿರಲಿಲ್ಲ. ಮೇಸ್ತ್ರಿ ಬಡಗಿಯ ಜೊತೆ ಕೂತು ಅದಕ್ಕೆ ಕೀಲು ಬಾಗಿಲು ಇಡಿಸಿದರು. ಒಳಗೆ ಕಾಣಲೆಂದು ಪಾರದರ್ಶಕ ಹಲಗೆಯೂ ಬಂತು. ಕಿವಿಯನ್ನು ಪೂರ್ತಿ ಮುಚ್ಚುವ ದೊಡ್ಡ ಕಿವಿಗವಸು ಎಲ್ಲರಿಗೂ ಕೊಟ್ಟರು. ಈ ಸಲ ಎಲ್ಲರಿಗಿಂತ ಮೊದಲು ಹಾಕಿಕೊಂಡವರು ಮೇಸ್ತ್ರಿ. "ನಂಗೆ ಇದ್ರಿಂದ ಲಾಭ ಇಲ್ಲ, ನನ್ನ ನೋಡಿ ಹಾಕ್ಕೊಳ್ಳಿ," ಎಂದು ನೇರವಾಗಿಯೇ ಹೇಳುತ್ತಿದ್ದರು.

ಕಿವಿ ಪರೀಕ್ಷೆಯವರು ಒಂದು ವ್ಯಾನಿನಲ್ಲಿ ಪುಟ್ಟ ಗೂಡು ಕಟ್ಟಿಕೊಂಡು ಬಂದರು. ಮೇಸ್ತ್ರಿಯನ್ನು ಒಳಗೆ ಕೂರಿಸಿ, ಸದ್ದು ಕೇಳಿಸಿದಾಗ ಗುಂಡಿ ಒತ್ತಿ ಎಂದು ಸನ್ನೆ ಮಾಡಿ ತೋರಿಸಿದರು. ಅವರು ಬೆರಳನ್ನು ಗುಂಡಿಯ ಮೇಲೆ ಇಟ್ಟುಕೊಂಡು ಗಮನವಿಟ್ಟು ಕಾದರು. ಗುಂಡಿ ಸರಿಯಿದೆಯೇ ಎಂದು ಆಗೊಮ್ಮೆ ಈಗೊಮ್ಮೆ ಒತ್ತಿ ನೋಡಿದರು. ಬಾಗಿಲು ತೆರೆದಾಗ, "ಸರಿ, ಶುರು ಮಾಡಿ" ಎಂದರು. ಪರೀಕ್ಷೆ ಮುಗಿದಿತ್ತು.

ಜನ ನಿಲ್ಲತೊಡಗಿದರು. ಡಬ್ಬದ ಹುಡುಗಿ ತಾಯಿಯನ್ನು ಒಪ್ಪಿಸಿಕೊಂಡು ಮರಳಿ ಬಂದಳು. ಬಸ್ಸು ತೊಳೆಯುವವನು ಬರಲಿಲ್ಲ, ಉದ್ದನೂ ಬರಲಿಲ್ಲ. ಆದರೆ ಹೊಸದಾಗಿ ಸೇರಿದವರು ಕೆಲಸ ಕಲಿತಮೇಲೂ ಉಳಿದರು. ತಲೆಯಿಲ್ಲದ ಮೊಳೆಗಳ ರಾಶಿ ಸಣ್ಣದಾಯಿತು. ಗೇಟಿನ ಬೋರ್ಡನ್ನು ಕಾವಲುಗಾರ ಕಳಚಿ ತನ್ನ ಕೋಣೆಯ ಕಿಟಕಿಗೆ ಅಡ್ಡ ಇಟ್ಟುಕೊಂಡ.

ಸದ್ದು ಇಳಿದದ್ದೇ ಮೇಸ್ತ್ರಿಗೆ ಕಷ್ಟವಾಯಿತು.

ಪೆಟ್ಟಿಗೆಗಳು ಮುಚ್ಚಿರುವಾಗ ಕಿವಿಗವಸು ಬೇಕಾಗುತ್ತಿರಲಿಲ್ಲ, ಈಗ ಒಳಗೆ ಜನ ಬಾಯಿಂದ ಮಾತಾಡಬಹುದಾಗಿತ್ತು. ಮೊದಲು ಕೆಲಸದ ಮಾತು ಬಂತು, ಆಮೇಲೆ ಹರಟೆ ಬಂತು, ಆಮೇಲೆ ಹಾಡು ಗುನುಗುವವರೂ ಬಂದರು. ಕೈಯ ಭಾಷೆ ಯಾರಿಗೂ ಬೇಕಾಗಲಿಲ್ಲ. ಸಾಲಿನ ಆ ತುದಿಯಲ್ಲಿ ಒಮ್ಮೆಲೇ ನಗು ಏಳುತ್ತಿತ್ತು. ಮೇಸ್ತ್ರಿ ತಲೆಯೆತ್ತಿ ನೋಡುವಷ್ಟರಲ್ಲಿ ಮುಗಿದಿರುತ್ತಿತ್ತು. ಏನು ಎಂದು ಕೇಳಿದರೆ "ಏನಿಲ್ಲ ಬಿಡಿ ಮೇಸ್ತ್ರಿ" ಎನ್ನುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ. ಒಂದು ಸಣ್ಣ ಜೋಕನ್ನು ಕಿರುಚಿ ಹೇಳಿದರೆ ಅದರಲ್ಲಿ ಏನೂ ಉಳಿಯುವುದಿಲ್ಲ. ಬರಬರುತ್ತ ಅವರು ಕೇಳುವುದನ್ನು ಬಿಟ್ಟರು. ಮೊಳೆಗಳನ್ನು ಮರದ ಹೊಟ್ಟಿನ ಜೊತೆ ಹಾಕಿ ಉರುಳಿಸಿ ಹೊಳಪು ಕೊಡುವ ಪೀಪಾಯಿಯೊಂದು ಹಿಂದಿನ ಕೋಣೆಯಲ್ಲಿತ್ತು. ಅಲ್ಲಿ ಗದ್ದಲ ಹಾಗೇ ಇತ್ತು. ಮೇಸ್ತ್ರಿ ಏನಾದರೂ ನೆಪ ಮಾಡಿಕೊಂಡು ಅಲ್ಲಿಗೇ ಹೋಗಿ ನಿಲ್ಲತೊಡಗಿದರು.

ಒಂದು ದಿನ ಅವರೇ ಮೇಡಂ ಕೋಣೆಗೆ ಹೋಗಿ ಕೆಲಸ ಬಿಡುತ್ತೇನೆ ಎಂದರು.

ಮೇಡಂ ಈಗ ಅವರ ಮುಖ ನೋಡಿಯೇ, ಬಿಡಿಬಿಡಿಯಾಗಿ ಮಾತಾಡುವುದನ್ನು ಕಲಿತಿದ್ದರು. "ಎಲ್ಲ ಸರಿಹೋಯ್ತಲ್ಲ ಮೇಸ್ತ್ರಿ. ಈಗ ಯಾಕೆ?"

"ಮೊದಲು ಇಲ್ಲಿ ಯಾರಿಗೂ ಕೇಳಿಸ್ತಿರ್ಲಿಲ್ಲ ಮೇಡಂ. ಈಗ ನಂಗೊಬ್ಬನಿಗೆ ಕೇಳಿಸಲ್ಲ."

ಮೇಡಂ ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟರು. ಆಮೇಲೆ, "ಏನು ಮಾಡಿದ್ರೆ ಇರ್ತೀರಿ?" ಎಂದು ಕೇಳಿದರು. ಇಷ್ಟು ವರ್ಷಗಳಲ್ಲಿ ಯಾರೂ ಮೇಸ್ತ್ರಿಯನ್ನು ಹಾಗೆ ಕೇಳಿರಲಿಲ್ಲ. ಯೋಚನೆ ಮಾಡಿ ಬರುತ್ತೇನೆ ಎಂದು ಮನೆಗೆ ಬಂದರು.

ಅಕ್ಕ ಅಂಗಿಯ ಗುಂಡಿತೂತಿಗೆ ಕಾಜಾ ಹಾಕುತ್ತ ಹೇಳಿದರು: "ನನ್ನ ಕೇಳಿದ್ರೆ ಬಿಡಿ ಅಂತೀನಿ. ಆದ್ರೆ ನಿಮ್ಮ ಮನಸ್ಸು ಬಿಡೋಕೆ ಒಪ್ಪಿದ್ಯಾ? ಒಪ್ಪಿದ್ರೆ ಇಷ್ಟೊತ್ತಿಗೆ ಊಟದ ಡಬ್ಬಿ ತೊಳೆದು ಮೇಲಿಡ್ತಿದ್ರಿ."

ಮರುದಿನ ಮೇಸ್ತ್ರಿ ಮೇಡಂ ಮುಂದೆ ತಮಗೆ ಬೇಕಾದ್ದನ್ನು ಹೇಳಿದರು. ಮಾತಾಡುವ ಮುಂಚೆ ಹೆಗಲು ಮುಟ್ಟಲಿ. ಮುಖ ಕಾಣುವ ಹಾಗೆ ನಿಂತು ಮಾತಾಡಲಿ. ಏನಿಲ್ಲ ಬಿಡಿ ಎನ್ನುವುದು ಬೇಡ. ಮೇಡಂ ಅದನ್ನು ಯಂತ್ರಗಳನ್ನು ನಿಲ್ಲಿಸಿ ಎಲ್ಲರ ಮುಂದೆ ಹೇಳಿದರು. ಆಗ ಮೇಸ್ತ್ರಿ ನೆಲ ನೋಡುತ್ತ ನಿಂತಿದ್ದರು. ಕಾರ್ಖಾನೆಯ ಖರ್ಚಿನಲ್ಲೇ ಕಿವಿಗೆ ಇಡುವ ಯಂತ್ರವೂ ಬಂತು. ಅದನ್ನು ಮೊದಲ ಸಲ ಇಟ್ಟುಕೊಂಡಾಗ ತಟ್ಟೆ, ಚಮಚ, ತಮ್ಮದೇ ಚಪ್ಪಲಿ, ಹೆಂಡತಿಯ ಕತ್ತರಿ ಎಲ್ಲ ಒಟ್ಟಿಗೆ ಮೈಮೇಲೆ ಬಂದಂತಾಗಿ ಕಿತ್ತು ಪೆಟ್ಟಿಗೆಗೆ ಹಾಕಿದರು. ಭಾನುವಾರ ಮಗಳ ಫೋನು ಬಂದಾಗ ಮಾತ್ರ ಹೊರಗೆ ತೆಗೆಯುತ್ತಿದ್ದರು. ಮೊಮ್ಮಗು ಆ ದಿನಗಳಲ್ಲಿ ಹಲ್ಲು ಬಿದ್ದ ಬಗ್ಗೆಯೇ ಮಾತಾಡುತ್ತಿತ್ತು. ಮೂರನೆಯ ಹಲ್ಲು ಬೀಳುವಷ್ಟರಲ್ಲಿ ತಾತನಿಗೆ ಆ ಯಂತ್ರ ಸ್ವಲ್ಪ ಒಗ್ಗಿತು.

ಕಾರ್ಖಾನೆಯಲ್ಲಿ ಕೆಲವರು ಹೇಳಿದಂತೆ ನಡೆದುಕೊಂಡರು, ಕೆಲವರು ಮರೆತರು. ಡಬ್ಬದ ಹುಡುಗಿ ಮಾತ್ರ ಹೊಸಬರನ್ನು ಕಟ್ಟಿಕೊಂಡು ಕೈಯ ಭಾಷೆಯನ್ನು ಮತ್ತೆ ಎಬ್ಬಿಸಿದಳು. ಮೇಡಂಗೆ ಕನ್ನಡಕ ಇರಲಿಲ್ಲವಾದ್ದರಿಂದ ಅವರು ಬರುತ್ತಿದ್ದಾರೆ ಎಂಬುದಕ್ಕೆ ಬೇರೆ ಸನ್ನೆ ಬೇಕಾಯಿತು. ಅದೇನೆಂದು ಮೇಸ್ತ್ರಿ ನನಗೆ ಹೇಳಲಿಲ್ಲ. ಮೇಡಂ ಕಿವಿಗೆ ಬೀಳುತ್ತದೆ ಎಂದು ನಕ್ಕರು. ಮೇಸ್ತ್ರಿ ಇನ್ನೂ ಕೆಲವು ವರ್ಷ ಕೆಲಸ ಮಾಡಿದರು. ಕಣ್ಣು ಮಂಜಾಗಿ ತಂತಿ ಪೋಣಿಸಲು ಕಷ್ಟವಾದಾಗ ಬಿಟ್ಟರು. ಅವರ ಜಾಗಕ್ಕೆ ಬಂದವನು, ಅಲ್ಲೇ ಕೆಲಸ ಕಲಿತು ಅಲ್ಲೇ ಉಳಿದವನು. ಅವನ ಕಿವಿ ಚೆನ್ನಾಗಿದೆ.

ಈಗ ಮೇಸ್ತ್ರಿ ಹೊಲಿಗೆ ಕೋಣೆಯಲ್ಲಿ ಇಸ್ತ್ರಿಯ ಜವಾಬ್ದಾರಿ ನೋಡಿಕೊಳ್ಳುತ್ತಾರೆ. ಮೊನ್ನೆ ಹೋದಾಗ ಅಕ್ಕ ಒಂದು ಅಂಗಿ ಹಿಡಿದುಕೊಂಡು ಅವರನ್ನು ಗದರುತ್ತಿದ್ದರು. ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆಯ ಗುರುತು ಬಿದ್ದಿತ್ತು. ಮೇಸ್ತ್ರಿ ಬೆನ್ನು ಹಾಕಿ ನಿಂತು ಮುಂದಿನ ಬಟ್ಟೆಗೆ ನೀರು ಚಿಮುಕಿಸುತ್ತಿದ್ದರು.

"ನೋಡಿ ಇವರನ್ನ," ಎಂದರು ಅಕ್ಕ ನನ್ನ ಕಡೆ ತಿರುಗಿ. "ನಾನು ಬೈಯೋಕೆ ಶುರು ಮಾಡಿದ ತಕ್ಷಣ ಕಿವಿ ಯಂತ್ರ ಆಫ್ ಮಾಡ್ಕೊಂಡುಬಿಡ್ತಾರೆ."

"ಆಫ್ ಮಾಡಿಲ್ಲ," ಎಂದರು ಮೇಸ್ತ್ರಿ, ತಿರುಗದೆಯೇ. "ಕೇಳಿಸ್ತಿದೆ."